ಜಮಾರಿಸಣ್ಣನ ಬಾಲ್ಯದ ಕೋಣೆ

ನಮ್ಮಣ್ಣ ಜಮಾರಿಸ್ ಕಳೆದುಹೋದ ಬಾಲ್ಯವನ್ನು ಹುಡುಕಿಕೊಂಡು ಊರಿಗೆ ಬಂದ. ಅದು ಅವನಿಗೆ ಸಿಕ್ಕಿದ್ದು ನನ್ನ ಮಗಳು ರೆಫ್ನಿಯ ಕೋಣೆಯಲ್ಲಿ. ಸಿಕ್ಕಿತು ಎಂದು ನೋಡಿಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಅಲ್ಲೇ ಹಾಸಿಗೆ ಬಿಚ್ಚಿ ಮಲಗಿಬಿಟ್ಟ.

ಹದಿನೈದು ವರ್ಷಕ್ಕೇ ಊರು ಬಿಟ್ಟವನು ಅವನು. ಅದೇನು ದೊಡ್ಡ ಸಂಗತಿಯಲ್ಲ. ಮರಾಪಿ ಬೆಟ್ಟದ ಈ ಬದಿಯಲ್ಲಿ ಮೀಸೆ ಚಿಗುರಿದ ಮೇಲೂ ಹುಡುಗನೊಬ್ಬ ಊರಲ್ಲೇ ಸುತ್ತುತ್ತಿದ್ದರೆ ಅವನಿಗೇನು ಕಾಯಿಲೆ ಎಂದು ಕೇಳುತ್ತಾರೆ. ಅಣ್ಣ ಜಕಾರ್ತಕ್ಕೆ ಹೋದ, ಬಟ್ಟೆ ಅಂಗಡಿ ಹಾಕಿದ, ವಿದ್ಯಾಸ್ತುತಿ ಎಂಬ ಜಾವಾದ ಹುಡುಗಿಯನ್ನು ಮದುವೆಯಾದ. ಹಬ್ಬಕ್ಕೆ ಬಂದರೆ ಎರಡು ದಿನ ಇರುತ್ತಿದ್ದ. ಅದರಲ್ಲಿ ಒಂದು ದಿನ ದಾರಿಯಲ್ಲಿ ಸಿಕ್ಕಿದ ವಾಹನಗಳನ್ನು ಬೈಯುವುದಕ್ಕೇ ಹೋಗುತ್ತಿತ್ತು. ಈಗ ಅಂಗಡಿ ಮಕ್ಕಳ ಕೈಗೆ ಹೋಗಿದೆ. ಕೆಲಸವಿಲ್ಲದೆ ಕೂತ ಗಂಡಸಿಗೆ ಇದ್ದಕ್ಕಿದ್ದಂತೆ ಬೇರುಗಳು ನೆನಪಾದವು. ಮೊಬೈಲಿನಲ್ಲಿ ‘ಬೇರಿನ ಕಡೆಗೆ ಜಮಾರಿಸ್’ ಎಂಬ ಹೆಸರಿನಲ್ಲಿ ವಿಡಿಯೊ ಹಾಕಲು ಶುರುಮಾಡಿದ. ನೋಡುವವರು ಸಾವಿರಾರು ಜನರಂತೆ. ಅವರೆಲ್ಲ ಇವನಂತೆಯೇ ಊರು ಬಿಟ್ಟವರು, ವಾಪಸು ಬರಲು ಮನಸ್ಸಿಲ್ಲದವರು.

ಬಂದ ದಿನ ಕಾರಿನಿಂದ ಇಳಿದವನೇ ನಮ್ಮ ಮನೆಯ ಕೋಡಿನಂಥ ಮಾಡನ್ನು ನೋಡಿ ಗಳಗಳ ಅತ್ತ. ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಆಮೇಲೆ ನೋಡಿದರೆ ಕೋಲಿಗೆ ಸಿಕ್ಕಿಸಿದ್ದ ಮೊಬೈಲು ಆನ್ ಆಗಿರಲಿಲ್ಲ. ಮತ್ತೆ ಕಾರು ಹತ್ತಿ, ಮತ್ತೆ ಇಳಿದು, ಮತ್ತೆ ಅತ್ತ. ಎರಡನೆಯ ಸಲದ ಅಳು ಮೊದಲಿನದಕ್ಕಿಂತ ಚೆನ್ನಾಗಿ ಬಂತು ಎಂದು ಅವನೇ ಹೇಳಿದ.

“ಯುರ್ನಿದಾ, ಆ ತುದಿ ಕೋಣೆ ಹಾಗೇ ಇದೆಯೇನೆ?” ಎಂದ, ಮೆಟ್ಟಿಲು ಹತ್ತುತ್ತಲೇ.

“ಎಲ್ಲಿಗೆ ಹೋಗತ್ತೆ ಅಣ್ಣ? ಇದೆ. ರೆಫ್ನಿ ಮದ್ವೆಗೆ ಸುಣ್ಣ ಬಳಿಸ್ಬೇಕು.”

“ಸುಣ್ಣಾನಾ? ಮುಟ್ಟಿದ್ರೆ ನೋಡು! ಅದು ನನ್ನ ಬಾಲ್ಯದ ಕೋಣೆ. ಒಂದು ಮೊಳೆ ಕೂಡ ಕೀಳಕೂಡ್ದು.”

ಒಳಗೆ ಹೋಗಿ ಕಿಟಕಿಯ ಕೆತ್ತನೆಯ ಮೇಲೆ ಬೆರಳಾಡಿಸುತ್ತ, “ಸ್ನೇಹಿತರೇ, ಇಲ್ಲೇ ನಾನು ಬೆಳೆದದ್ದು. ಈ ಕಿಟಕಿಯಿಂದಲೇ ನಾನು ಜಗತ್ತನ್ನ ಮೊದಲು ನೋಡಿದ್ದು” ಎಂದು ಮೊಬೈಲಿಗೆ ಹೇಳಿದ. ನಾನು ಬಾಯಿ ಬಿಡಲು ಹೊರಟವಳು ಹಾಗೇ ಮುಚ್ಚಿಕೊಂಡೆ. ಏಕೆಂದರೆ ಮುಂದಿನ ತಿಂಗಳು ನನ್ನ ಮಗಳ ಮದುವೆ. ನಮ್ಮಲ್ಲಿ ಹುಡುಗಿಯ ಪರವಾಗಿ ಮಾತಾಡಬೇಕಾದವನು ಅವಳ ಅಪ್ಪನಲ್ಲ, ಸೋದರಮಾವ. ಅಪ್ಪ ಇದ್ದಿದ್ದರೂ ಮೂಲೆಯಲ್ಲಿ ಕೂತು ಚಹಾ ಕುಡಿಯಬೇಕಿತ್ತು. ಅವರು ತೀರಿಕೊಂಡೂ ಆಗಿದೆ. ಬಾತಾಮ್ ದ್ವೀಪದಲ್ಲಿ ಕೆಲಸಕ್ಕಿರುವ ನನ್ನ ಮಗ ಅವಳ ಅಣ್ಣನಾದರೂ ಆ ಮಾತು ಅವನು ಆಡುವಂತಿಲ್ಲ. ರೆಫ್ನಿಗೆ ಇರುವುದು ಇವನೊಬ್ಬನೇ ಮಾವ. ಇವನು ಮುನಿಸಿಕೊಂಡು ಎದ್ದು ಹೋದರೆ ಮದುವೆಯ ಮಾತಾಡಲು ನಮ್ಮ ಕಡೆಯಿಂದ ಬೇರೆ ದಿಕ್ಕಿಲ್ಲ.

ಇತ್ತ ಕೋಣೆಯಿಲ್ಲದೆಯೂ ಮದುವೆಯಿಲ್ಲ. ದೊಡ್ಡ ಮನೆಯ ಹಿಂದಿನ ಸಾಲು ಕೋಣೆಗಳೆಲ್ಲ ಹೆಂಗಸರವು. ಹೊಸದಾಗಿ ಮದುವೆಯಾಗುವವಳಿಗೆ ತುದಿಯ ಕೋಣೆ. ಜರಿಯ ಪರದೆ ಕಟ್ಟಿ ಅದನ್ನು ಸಿಂಗರಿಸಬೇಕು. ಗಂಡು ಮೆರವಣಿಗೆಯಲ್ಲಿ ಬರುವುದೇ ಆ ಕೋಣೆಗೆ. ಗಂಡಿನ ತಾಯಿ ಒಂದು ಬೆಳಿಗ್ಗೆ ಬಂದು ಹಾಸಿಗೆಯ ಅಳತೆ ತೆಗೆಯಲು ಬಾಗಿಲು ತೆರೆದರೆ, ಒಳಗೆ ನಮ್ಮಣ್ಣ ಲುಂಗಿ ಎತ್ತಿ ಕಟ್ಟಿಕೊಂಡು ಗೊರಕೆ ಹೊಡೆಯುತ್ತಿದ್ದ.

“ಅಯ್ಯೋ!” ಎಂದಳು ಆಕೆ ಹಿಂದೆ ಸರಿದು. “ಯುರ್ನಿದಾ, ಇವ್ರು ಯಾವಾಗ ಹೊರಡ್ತಾರೆ?”

“ಬೇರು ಸಿಕ್ಕಿದ ಮೇಲೆ.”

“ತಮಾಷೆ ಸಾಕಮ್ಮ. ಕೋಣೆ ಇಲ್ದಿರೋ ಮನೆಗೆ ನನ್ನ ಮಗನ್ನ ಕಳಿಸಿದ್ರೆ ಅವನು ಅಟ್ಟದ ಮೇಲೆ ಮಲಗ್ತಾನಾ? ನಮಗೂ ಮರ್ಯಾದೆ ಇದೆ. ನೀವೇ ಒಂದು ತೀರ್ಮಾನಕ್ಕೆ ಬನ್ನಿ.”

ರೆಫ್ನಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ನಿಂತುಹೋಯಿತು. ಅವಳು ಬಾಯಿ ಜೋರಿನ ಹುಡುಗಿಯಲ್ಲ, ಅಳುವವಳೂ ಅಲ್ಲ. ಆ ಹುಡುಗನಿಗಾಗಿ ವರ್ಷಗಟ್ಟಲೆ ಕಾದಿದ್ದಳು. “ಅಮ್ಮ, ಮಾವನಿಗೆ ನೀನು ಹೇಳ್ತೀಯೋ ಇಲ್ವೋ?” ಎಂದಷ್ಟೇ ಕೇಳಿದಳು. ಹೇಳುತ್ತೇನೆ ಎಂದೆ. ಹೇಳಲು ಹೋದಾಗಲೆಲ್ಲ ಅವನು ಬಾಲ್ಯದಲ್ಲಿ ಮುಳುಗಿರುತ್ತಿದ್ದ.

ಆ ಬಾಲ್ಯದ ಗೋಳು ನಾನು ಯಾರಿಗೆ ಹೇಳಲಿ! ಕಾಫಿ ಎಲೆಯ ಕಷಾಯವನ್ನು ತೆಂಗಿನ ಚಿಪ್ಪಿನಲ್ಲೇ ಕೊಡಬೇಕು. ಮನೆಯಲ್ಲಿ ಲೋಟಗಳಿವೆ ಎಂದರೆ “ಬೇರು ಮರೀಬೇಡ ಯುರ್ನಿದಾ” ಎನ್ನುತ್ತಿದ್ದ. ಬಿದಿರು ಕೊಳವೆಯಲ್ಲಿ ಹೆಪ್ಪಾದ ಎಮ್ಮೆ ಮೊಸರು ಬೇಕೆಂದು ಹಟ ಮಾಡಿ ತರಿಸಿಕೊಂಡ, ಕಣ್ಣು ಮುಚ್ಚಿ “ಆಹಾ, ನಮ್ಮಮ್ಮನ ಕೈರುಚಿ” ಎಂದ. ನಮ್ಮಮ್ಮ ಎಮ್ಮೆ ಸಾಕಿದವಳೇ ಅಲ್ಲ. ಆ ಮಧ್ಯಾಹ್ನದಿಂದ ಎರಡು ದಿನ ಅವನು ಬಚ್ಚಲಿನಿಂದ ಈಚೆಗೆ ಬರಲಿಲ್ಲ. ಆ ಭಾಗದ ವಿಡಿಯೊ ಮಾತ್ರ ಹಾಕಲಿಲ್ಲ. ಚೇತರಿಸಿಕೊಂಡ ಮೇಲೆ ಹೊಳೆಗೆ ಹೋಗಿ ಬಂಡೆಯಿಂದ ಹಾರಿ ಸೊಂಟ ಉಳುಕಿಸಿಕೊಂಡ. ಮುಲಾಮು ಹಚ್ಚಿದವಳು ನಾನು. ಹಚ್ಚುವಾಗಲೂ ನೋಡುಗರಿಗೆ ಅದು ನಾಟಿ ವೈದ್ಯವೆಂದು ಹೇಳಿದ. ಅದು ಪಡಾಂಗ್ ಪಟ್ಟಣದ ಅಂಗಡಿಯಲ್ಲಿ ಕೊಂಡ ಟ್ಯೂಬು.

ಇಷ್ಟರಲ್ಲಿ ಊರಿನ ಕಿವಿ ನೆಟ್ಟಗಾಗಿತ್ತು. ನಮ್ಮಲ್ಲಿ ಬೆಳೆದ ಗಂಡಸು ರಾತ್ರಿ ಮಲಗುವುದು ಹೆಂಡತಿಯ ಮನೆಯಲ್ಲಿ. ಹೆಂಡತಿ ದೂರದೂರಿನವಳಾದರೆ ಒಂದೆರಡು ರಾತ್ರಿ ಅಕ್ಕತಂಗಿಯರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ತಂಗಿಯ ಮನೆಯ ಒಳಕೋಣೆಯಲ್ಲಿ ವಾರಗಟ್ಟಲೆ ಮಲಗಿದ ಗಂಡಸೆಂದರೆ ಊರಿಗೆ ಒಂದೇ ಅರ್ಥ: ಹೆಂಡತಿ ಓಡಿಸಿದ್ದಾಳೆ. ಇದನ್ನು ತಿಳಿಯಲು ಓದು ಬೇಕಿಲ್ಲ, ಹತ್ತು ವರ್ಷದ ಹುಡುಗಿಗೂ ಗೊತ್ತು. ಗೊತ್ತಿಲ್ಲದವನು ನಮ್ಮ ಸಂಪ್ರದಾಯದ ಬಗ್ಗೆ ಸಾವಿರಾರು ಜನರಿಗೆ ಪಾಠ ಹೇಳುತ್ತಿದ್ದ ನಮ್ಮಣ್ಣ ಒಬ್ಬನೇ.

ಕಾಫಿ ಅಂಗಡಿಯಲ್ಲಿ ಗಂಡಸರು ಅವನ ಬೆನ್ನು ತಟ್ಟಿ “ಇರಲಿ ಬಿಡಪ್ಪ, ಎಲ್ರಿಗೂ ಬರತ್ತೆ ಇಂಥ ಕಾಲ” ಎಂದರು. ಇವನು ಅದನ್ನು ವಯಸ್ಸಿನ ಮಾತೆಂದುಕೊಂಡು, “ಹೌದು, ಈಗ ತುಂಬ ಹಗುರ ಅನಿಸ್ತಿದೆ” ಎಂದನಂತೆ. ಇನ್ನೇನು ಬೇಕು ಊರಿಗೆ?

ನಮ್ಮಲ್ಲಿ ಸಂಬಂಧ ಕೇಳಿಕೊಂಡು ಹೋಗುವವರು ಹೆಣ್ಣಿನ ಕಡೆಯವರು. ಸಂತೆಯಲ್ಲಿ ಅಕ್ಕಿ ಮಾರುವ ಶಮ್ಸಿನಾರ್ ವಿಧವೆ, ಗಟ್ಟಿ ಹೆಂಗಸು. ಅವಳ ದೊಡ್ಡಮ್ಮ ರಪಿಯಾ ಅಜ್ಜಿಗೆ ಅವಳ ಮನೆಯಲ್ಲಿ ಒಬ್ಬ ಗಂಡಸನ್ನು ಕೂರಿಸಿಯೇ ಸಾಯಬೇಕೆಂಬ ಹಂಬಲ. ಒಂದು ದಿನ ಬಾಳೆಹಣ್ಣು ಹಿಡಿದು ಅಜ್ಜಿ ನನ್ನ ಹತ್ತಿರ ಬಂದಳು.

“ನಿಮ್ಮಣ್ಣ ಒಳಗೇ ಮಲಗ್ತಾನಂತೆ?”

“ಹೌದಜ್ಜಿ, ತುದಿ ಕೋಣೇಲಿ.”

“ಆ ಜಾವಾದವಳು ಫೋನು ಗೀನು ಮಾಡ್ತಾಳಾ?”

“ನಾನು ಕೇಳಿಸ್ಕೊಂಡಿಲ್ಲ.”

“ವಾಪಸ್ ಹೋಗೋ ಟಿಕೀಟು?”

“ತೆಗ್ಸಿಲ್ಲ.”

ಅಜ್ಜಿ ತಲೆಯಾಡಿಸಿ, ತಂದ ಬಾಳೆಹಣ್ಣಿನಲ್ಲಿ ಒಂದನ್ನು ತಾನೇ ತಿಂದು ಹೋದಳು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಇನ್ನೂ ನಾಲ್ಕು ಮಾತು ಸೇರಿಸಬಹುದಿತ್ತು ನಿಜ. ಮಗಳ ಕೋಣೆಯ ಬಾಗಿಲು ಮುಚ್ಚಿಕೊಂಡಿರುವಾಗ ನನಗೆ ಆ ನಾಲ್ಕು ಮಾತು ಬಾಯಿಗೆ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಅಣ್ಣ ಪಡಸಾಲೆಯಲ್ಲಿ ಕೂತಿದ್ದ. ರಪಿಯಾ ಅಜ್ಜಿ ಕಪ್ಪು ಉಡುಪಿನಲ್ಲಿ ಇಬ್ಬರು ಹೆಂಗಸರು, ಇಬ್ಬರು ಗಂಡಸರ ಜೊತೆ ಮೆಟ್ಟಿಲು ಹತ್ತಿ ಬಂದಳು. ಮುಂದಿದ್ದವಳ ಕೈಯಲ್ಲಿ ಜರಿ ಬಟ್ಟೆ ಹೊದಿಸಿದ ಹಿತ್ತಾಳೆಯ ವೀಳ್ಯದ ತಟ್ಟೆ. ಅಣ್ಣನ ಮುಖ ಅರಳಿತು. ಮೊಬೈಲಿನ ಕೋಲನ್ನು ನೆಟ್ಟಗೆ ನಿಲ್ಲಿಸಿದ.

“ಸ್ನೇಹಿತರೇ, ನೇರ ಪ್ರಸಾರ! ಹುಟ್ಟಿದೂರು ತನ್ನ ಮಗನನ್ನ ವೀಳ್ಯ ಕೊಟ್ಟು ಬರಮಾಡಿಕೊಳ್ತಿದೆ. ನೋಡಿ, ನೋಡಿ!”

ಬಂದವರಿಗೆ ವೀಳ್ಯ ಕೊಡುವುದು ನಮ್ಮಲ್ಲಿ ಇದೆ. ಆದರೆ ಅದು ಬಂದ ದಿನ, ಊರಬಾಗಿಲಲ್ಲಿ. ಮೂರು ವಾರದಿಂದ ತಿಂದುಂಡುಕೊಂಡಿರುವವನ ಮುಂದೆ ಮನೆಯೊಳಗೆ ವೀಳ್ಯ ತಂದಿಟ್ಟು, ಜೊತೆಗೆ ಗಂಡಸರನ್ನು ಸಾಕ್ಷಿಗೆ ಕೂರಿಸಿದರೆ ಅದು ಬೇರೆಯದೇ ವ್ಯವಹಾರ. ಅಜ್ಜಿ ಸುತ್ತಿಬಳಸಿ ಮಾತು ತೆಗೆದಳು. ದೊಡ್ಡ ಮನೆ, ಗಂಡಿನ ದನಿಯಿಲ್ಲ ಎಂದಳು. ಹಾಸಿದ ಚಾಪೆಯಿದೆ, ಕೂರುವವರಿಲ್ಲ ಎಂದಳು. ಅಣ್ಣ ಪ್ರತಿ ಮಾತಿಗೂ “ಹೌದು, ಹೌದು, ಎಂಥ ಮಾತು!” ಎಂದು ತಲೆದೂಗಿದ. ಕೊನೆಗೆ ಅವಳು ತಟ್ಟೆಯನ್ನು ಮುಂದೆ ತಳ್ಳಿದಳು. ಇವನು ವೀಳ್ಯ ಮಡಿಸಿ, ಅಡಿಕೆ ಸುಣ್ಣ ಇಟ್ಟು, ಮೊಬೈಲಿಗೆ ಕಾಣುವಂತೆ ಬಾಯಿಗೆ ಹಾಕಿಕೊಂಡ. ಬಂದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ನೆಮ್ಮದಿಯ ಉಸಿರುಬಿಟ್ಟರು.

ಅಜ್ಜಿ ಮಡಿಲಿಂದ ಒಂದು ಹಳೆಯ ಜರಿ ವಸ್ತ್ರ ತೆಗೆದು ಅವನ ಕೈಯಲ್ಲಿಟ್ಟಳು. “ಇದು ನಮ್ಮ ಕಡೆ ಗುರುತು. ನಿನ್ನದೂ ಒಂದು ಗುರುತು ಕೊಡಪ್ಪ.”

ಗುರುತು ಬದಲಾಯಿಸಿಕೊಂಡರೆ ಮುಗಿಯಿತು, ನಿಶ್ಚಯವಾದಂತೆ. ಇಷ್ಟು ದೂರಕ್ಕೆ ಹೋಗುವುದು ಬೇಡವೆನಿಸಿ ಬಾಯಿ ತೆರೆದೆ. “ಅಣ್ಣ, ಒಂದ್ನಿಮಿಷ ಒಳಗೆ ಬಾ...”

“ಶ್! ಅಡ್ಡ ಬರ್ಬೇಡ್ವೇ. ನಮ್ಮ ಸಂಪ್ರದಾಯ ನನಗೆ ಹೇಳ್ಕೊಡ್ತೀಯಾ?” ಎಂದವನೇ ಬೆರಳಲ್ಲಿದ್ದ ದೊಡ್ಡ ಹಸಿರು ಹರಳಿನ ಉಂಗುರ ಕಳಚಿ ತಟ್ಟೆಯಲ್ಲಿಟ್ಟ. “ಊರಿಗೆ ನನ್ನ ನೆನಪಿನ ಕಾಣಿಕೆ, ಸ್ನೇಹಿತರೇ.”

ಅಜ್ಜಿ ಉಂಗುರವನ್ನು ಜರಿ ಬಟ್ಟೆಯಲ್ಲಿ ಸುತ್ತಿಕೊಂಡಳು. ಗಂಡಸರು ಕೈಯೆತ್ತಿ ದುವಾ ಮಾಡಿದರು. ಅಣ್ಣ ಎಲ್ಲರಿಗಿಂತ ಜೋರಾಗಿ ಆಮೀನ್ ಎಂದ.

ಅವರು ಮೆಟ್ಟಿಲು ಇಳಿಯುವ ಮೊದಲೇ ವಿಡಿಯೊದ ಕೆಳಗೆ ನಮ್ಮೂರಿನವರೇ ಯಾರೋ ಬರೆದರು: ‘ನಿಶ್ಚಿತಾರ್ಥದ ಶುಭಾಶಯ, ಶಮ್ಸಿನಾರಕ್ಕನ ಜೊತೆ ನೂರು ಕಾಲ ಬಾಳಿ.’ ಅಣ್ಣ ನಕ್ಕ. “ಯಾವನೋ ತಲೆಹರಟೆ” ಎಂದ. ಆಮೇಲೆ ಇನ್ನೊಬ್ಬರು ಬರೆದರು, ಮತ್ತೊಬ್ಬರು ಬರೆದರು. ಒಬ್ಬ ಮದುವೆ ಊಟಕ್ಕೆ ಎಮ್ಮೆಯೋ ಹಸುವೋ ಎಂದು ಕೇಳಿದ್ದ. ಅಣ್ಣ ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. “ಏನೇ ಇದು?” ನಾನು ಹೇಳಿದೆ. ಅವನ ಬಾಯಿಂದ ವೀಳ್ಯದ ರಸ ಗದ್ದಕ್ಕೆ ಇಳಿಯಿತು.

ಅಷ್ಟರಲ್ಲಿ ವಿದ್ಯಾಸ್ತುತಿಯ ಫೋನು ಬಂತು. ಗಾಬರಿಯಲ್ಲಿ ಅವನು ಯಾವುದನ್ನೋ ಒತ್ತಿದ್ದರಿಂದ ಅವಳ ದನಿ ಮನೆಗೆಲ್ಲ ಕೇಳಿಸಿತು. ನಮ್ಮ ಹೆಂಗಸರು ಸಿಟ್ಟು ಬಂದರೆ ಬೆಟ್ಟಕ್ಕೆ ಕೇಳುವಂತೆ ಕಿರುಚುತ್ತಾರೆ. ಜಾವಾದ ಹೆಂಗಸಿಗೆ ಸಿಟ್ಟು ಬಂದಷ್ಟೂ ದನಿ ಮೃದುವಾಗುತ್ತದೆ. ಅವತ್ತು ಅವಳು ಹಾಲಿನಂತೆ ಮಾತಾಡಿದಳು.

“ರೀ, ಆ ಹಸಿರು ಉಂಗುರ ನಾನು ಕೊಡ್ಸಿದ್ದಲ್ವಾ?”

“ವಿದ್ಯಾ, ಕೇಳು, ಅದು ಸ್ವಾಗತ ಅಂತ...”

“ಗೊತ್ತಾಯ್ತು ರೀ. ಆಮೀನ್ ಕೂಡ ಚೆನ್ನಾಗಿ ಹೇಳಿದ್ರಿ. ನೀವು ಅಲ್ಲೇ ಆರಾಮಾಗಿರಿ. ಬಟ್ಟೆಬರೆ ಪಾರ್ಸೆಲ್ ಮಾಡಿಸ್ತೀನಿ. ಇಲ್ಲಿಗೆ ಬರೋ ಕಷ್ಟ ತಗೋಬೇಡಿ.”

ಹೀಗೆ ಊರು ಮೂರು ವಾರದಿಂದ ಹೇಳುತ್ತಿದ್ದದ್ದು ಶುಕ್ರವಾರ ನಿಜವಾಯಿತು. ಕಾಫಿ ಅಂಗಡಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಮಾರನೆಯ ದಿನ ಸಂತೆಯಿಂದ ನೇರವಾಗಿ ಶಮ್ಸಿನಾರ್ ಬಂದಳು. ಹಿಂದೆ ಆಟೋದಲ್ಲಿ ಒಂದು ಅಕ್ಕಿ ಮೂಟೆ. ಕೂರು ಎಂದರೂ ಕೂರಲಿಲ್ಲ.

“ಜಮಾರಿಸಣ್ಣ, ದೊಡ್ಡಮ್ಮ ನನ್ನ ಕೇಳ್ದೆ ಮಾಡಿದ್ದು ಇದು. ನೀವು ತಿಳೀದೆ ಮಾಡಿದ್ದು. ನೀವು ಮುರಿದ್ರೆ ದಂಡ ನಿಮ್ಮ ತಂಗಿ ತಲೆ ಮೇಲೆ ಬರತ್ತೆ, ಅವಳಿಗೆ ಮದ್ವೆ ಖರ್ಚು ಬೇರೆ ಇದೆ. ಅದಕ್ಕೆ ನಾನೇ ಮುರೀತಿದೀನಿ. ತಗೊಳ್ಳಿ ಉಂಗುರ. ಮುರಿದವರು ಪಡೆದ ಗುರುತಿನ ಮೇಲೆ ಇನ್ನಷ್ಟು ಸೇರಿಸಿ ಕೊಡ್ಬೇಕಲ್ಲ, ಈ ಮೂಟೆ ಅದು.”

ಅಣ್ಣ ಹರಕು ದನಿಯಲ್ಲಿ “ಉಪಕಾರ ಆಯ್ತಮ್ಮ” ಎಂದ.

“ಉಪಕಾರ ಏನಿಲ್ಲ. ಸೊಸೆ ಕೋಣೇನೇ ಬಿಟ್ಟು ಏಳದ ಗಂಡಸು ನನ್ನ ಮನೆಗೆ ಬಂದ್ರೆ ಏಳ್ತಾನಾ? ನನಗೆ ಭಯ ಆಯ್ತು, ಅಷ್ಟೆ.” ವೀಳ್ಯದ ಜೊತೆ ಬಂದಿದ್ದ ಜರಿ ವಸ್ತ್ರವನ್ನು ಕೇಳಿ ಇಸಿದುಕೊಂಡು, ಮೆಟ್ಟಿಲು ಇಳಿದು ಹೋದಳು.

ಅಣ್ಣ ತುದಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ತಡೆಯಲಾಗಲಿಲ್ಲ. ತಳ್ಳಿಕೊಂಡು ಒಳಗೆ ಹೋದೆ. ಮೊಬೈಲಿನ ಕೋಲು ಮೂಲೆಯಲ್ಲಿ ಬಿದ್ದಿತ್ತು, ಅವನು ಕಿಟಕಿಯ ಹತ್ತಿರ ಕೂತಿದ್ದ.

“ಸಾಕಣ್ಣ, ಎದ್ದೇಳು. ನನ್ನ ಮಗಳಿಗೆ ಕೋಣೆ ಬಿಡು. ಯಾವ ಬಾಲ್ಯದ ಕೋಣೆ ನಿಂದು? ಇದು ಅಮ್ಮಂದು. ಆಮೇಲೆ ನಂದಾಯ್ತು. ಈಗ ರೆಫ್ನೀದು. ನೀನು ಯಾವತ್ತು ಇಲ್ಲಿ ಬೆಳೆದೆ? ಏಳು ವರ್ಷಕ್ಕೆ ನಿನ್ನ ಊರಿನ ನಮಾಜಿನ ಮನೆಗೆ, ಸುರಾವಿಗೆ ಕಳ್ಸಿದ್ರು, ಎಲ್ಲ ಹುಡುಗರ ಹಾಗೆ. ನಮಾಜು ಅಲ್ಲೇ, ನಿದ್ದೆ ಅಲ್ಲೇ. ಮನೆಗೆ ನೀನು ಊಟಕ್ಕೆ ಬರ್ತಿದ್ದೆ.”

“ಸುಳ್ಳು ಹೇಳ್ಬೇಡ. ನಾನಿಲ್ಲಿ ಮಲಗಿದ್ದು ನನಗೆ ನೆನಪಿದೆ. ಈ ಕಿಟಕಿ, ಈ ಕೆತ್ತನೆಯ ಹೂವು. ಅಮ್ಮ ಪಕ್ಕದಲ್ಲಿದ್ಲು. ಹಣೆ ಮೇಲೆ ಕೈ ಇಟ್ಟಿದ್ಲು.”

“ಜ್ವರ ಬಂದಿತ್ತು ನಿನಗೆ,” ಎಂದೆ. “ಮೈಯೆಲ್ಲ ಗುಳ್ಳೆ ಎದ್ದು ಸುರಾವಿನ ಹುಡುಗರಿಗೆ ಅಂಟತ್ತೆ ಅಂತ ಗುರುಗಳು ವಾಪಸ್ ಕಳ್ಸಿದ್ರು. ಅಮ್ಮ ಒಳಗೆ ಮಲಗಿಸ್ಕೊಂಡ್ಲು. ಗುಳ್ಳೆ ಒಣಗಿದ ಸಂಜೇನೇ ನಿನ್ನ ಚಾಪೆ ಸುತ್ತಿ ಕೈಗೆ ಕೊಟ್ಲು.”

ಅವನು ಕಿಟಕಿಯ ಕೆತ್ತನೆಯ ಹೂವಿನ ಮೇಲೆ ಬೆರಳಿಟ್ಟ. ಆ ಕೆಲವು ದಿನಗಳನ್ನೇ ಎಳೆದೆಳೆದು ಅವನು ಅರವತ್ತು ದಾಟುವವರೆಗೆ ಹೊದ್ದುಕೊಂಡಿದ್ದ. ಇಷ್ಟು ದಿನ ಅವನನ್ನು ಆಡಿಕೊಂಡಿದ್ದ ನಾನು ಅವನ ಪಕ್ಕ ಕೂತೆ.

“ಹೋಗುವಾಗ ನಾನು ಅತ್ತಿದ್ನಾ?” ಎಂದ.

“ನನಗೆ ನೆನಪಿಲ್ಲ. ಅಮ್ಮ ಅತ್ತಿದ್ಲು. ಒಲೆ ಹೊಗೆ ಅಂತ ಹೇಳಿದ್ಲು.”

ಅವನು ಎದ್ದು ತನ್ನ ಹಾಸಿಗೆಯನ್ನು ತಾನೇ ಸುತ್ತಿದ. ಜಕಾರ್ತದಲ್ಲಿ ಅಷ್ಟು ವರ್ಷ ಬಾಳಿದ ಗಂಡಸು, ಚಾಪೆಯನ್ನು ಸುರಾವಿನ ಹುಡುಗರು ಸುತ್ತುವಂತೆ ಮಂಡಿಯೂರಿ ಬಿಗಿಯಾಗಿ ಸುತ್ತಿದ. ಪಡಸಾಲೆಯಲ್ಲಿ ಮಲಗು ಎಂದೆ. ಬೇಡವೆಂದು ತಲೆಯಾಡಿಸಿ ಮೆಟ್ಟಿಲು ಇಳಿದ.

ಸುರಾವಿನಲ್ಲಿ ಈಗ ಹುಡುಗರು ಕಡಿಮೆ. ಹೆಂಡತಿ ಸತ್ತವರು, ಹೆಂಡತಿ ಬಿಟ್ಟವರು, ಅಂಥ ನಾಲ್ಕಾರು ಮುದುಕರು ಮಲಗುತ್ತಾರೆ. ಬೆಳಿಗ್ಗೆ ಬುತ್ತಿ ಹಿಡಿದು ಹೋದರೆ ಅಣ್ಣ ಅವರ ನಡುವೆ ಕೂತು ಅವಲಕ್ಕಿ ತಿನ್ನುತ್ತಿದ್ದ. “ಆ ಕಂಬದ ಪಕ್ಕ ನನ್ನ ಜಾಗ ಆಗಿತ್ತು ಕಣೇ,” ಎಂದ. “ಮಳೆ ಬಂದ್ರೆ ಅಲ್ಲೊಂದೇ ಕಡೆ ಸೋರ್ತಿತ್ತು. ಈಗ್ಲೂ ಸೋರತ್ತೆ.” ಅದನ್ನು ಹೇಳುವಾಗ ಮೊಬೈಲು ಅವನ ಜೇಬಿನಲ್ಲೇ ಇತ್ತು.

ಕೋಣೆಗೆ ಸುಣ್ಣ ಬಳಿಸಿದೆವು. ಅಣ್ಣ ಗಂಡಿನ ಮನೆಗೆ ಹೋಗಿ ಸೊಸೆಯ ಪರವಾಗಿ ಮಾತಾಡಿ ಬಂದ. ಈ ಸಲ ಏನು ಹೇಳಬೇಕು, ಯಾವಾಗ ವೀಳ್ಯ ತಿನ್ನಬೇಕು ಎಂದು ಮೊದಲೇ ಸುರಾವಿನ ಮುದುಕರನ್ನು ಕೇಳಿಕೊಂಡಿದ್ದ. ಗಂಡಿನ ತಾಯಿ ಹಾಸಿಗೆಯ ಅಳತೆ ತೆಗೆದುಕೊಂಡು ಹೋದಳು. ರೆಫ್ನಿ ಜರಿ ಪರದೆ ಕಟ್ಟುತ್ತ ಗುನುಗುತ್ತಿದ್ದಳು.

ಮದುವೆಗೆ ನಾಲ್ಕು ದಿನವಿರುವಾಗ ವಿದ್ಯಾಸ್ತುತಿ ನನಗೆ ಫೋನು ಮಾಡಿದಳು. ಸಿಟ್ಟು ಇಳಿದಿತ್ತೋ, ಶಮ್ಸಿನಾರಳನ್ನು ಕಣ್ಣಾರೆ ನೋಡುವ ಆಸೆಯೋ, ಮದುವೆಗೆ ಬರುತ್ತೇನೆ ಎಂದಳು. ಮಲಗಲು ಜಾಗವಿದೆಯೇ ಎಂದು ಕೇಳಿದಳು. “ಜಾಗಕ್ಕೇನಮ್ಮ, ನನ್ನ ಕೋಣೇಲಿ ನನ್ನ ಪಕ್ಕ ಮಲಗು” ಎಂದೆ. ಎರಡನೆಯ ಯೋಚನೆಯೇ ಬರಲಿಲ್ಲ. ಅವಳು ಹೆಂಗಸು.

ಅದೇ ಸಂಜೆ ಬಾತಾಮಿನಿಂದ ನನ್ನ ಮಗ ರಿನಾಲ್ ಫೋನು ಮಾಡಿದ. ಊರು ಬಿಟ್ಟು ಆರು ವರ್ಷವಾದರೂ ಅವನ ದನಿ ಇನ್ನೂ ಹುಡುಗನದೇ. ರಜೆ ಸಿಕ್ಕಿದೆ, ತಂಗಿಯ ಮದುವೆಗೆ ಬರುತ್ತಿದ್ದೇನೆ ಎಂದ.

“ಅಮ್ಮ, ನಾನೆಲ್ಲಿ ಮಲಗ್ಲಿ?”

ಮನೆಯ ಕೋಣೆಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ತೆರೆದು ನೋಡಿದೆ. ಎಲ್ಲದರಲ್ಲೂ ಯಾರೋ ಹೆಂಗಸರಿದ್ದರು. ಅವನಿಗೆ ಈ ಮನೆಯೊಳಗೆ ಜ್ವರ ಕೂಡ ಬಂದಿರಲಿಲ್ಲ, ಗಟ್ಟಿಮುಟ್ಟಾದ ಹುಡುಗ.

“ಸುರಾವಿನಲ್ಲಿ,” ಎಂದೆ. “ಮಾವನ ಪಕ್ಕ ಚಾಪೆ ಹಾಕಿಸಿರ್ತೀನಿ.”

“ಸರಿ ಅಮ್ಮ” ಎಂದು ಅವನು ನಕ್ಕ. ನಾನು ಫೋನು ಇಟ್ಟು ಅಡುಗೆಮನೆಗೆ ಹೋದೆ. ರೆಫ್ನಿ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ಒಲೆಯ ಹೊಗೆ ಎಂದೆ. ಆಗಿನ್ನೂ ಒಲೆ ಹೊತ್ತಿಸಿರಲಿಲ್ಲ.